ಒಬ್ಬರಿಗೆ ಒಂದೇ ಚೌಕ

ಪುರಂದರನ ಗ್ರಹಚಾರ ಕೆಟ್ಟದ್ದು ಒಂದು ಈಮೇಲಿನಿಂದ. ಅದೂ ಅವನಿಗೆ ಬಂದದ್ದಲ್ಲ. ಕೊಯಮತ್ತೂರಿನ ಕುರಿಚಿಯ ಕೈಗಾರಿಕಾ ವಸಾಹತಿನಲ್ಲಿ ಅವನು ಕೆಲಸ ಮಾಡುತ್ತಿದ್ದ ಪಂಪು ಕಾರ್ಖಾನೆಯ ಯಜಮಾನರು ವೆಂಕಟಾಚಲಂ. ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ಮುದಲಾಳಿ ಎಂದೇ. ಆ ಮುದಲಾಳಿಗೆ ಡೆನ್ಮಾರ್ಕಿನ ಒಂದು ಕಂಪನಿ ಬರೆದಿತ್ತು: ನಿಮ್ಮ ಪಂಪುಗಳು ಬಹಳ ಚೆನ್ನಾಗಿವೆ, ದರವೂ ಒಪ್ಪಿಗೆ. ಆದರೆ ನಿಮ್ಮಲ್ಲಿ ಸೈಬರ್ ಸೆಕ್ಯುರಿಟಿ ನೋಡಿಕೊಳ್ಳುವವರು ಯಾರು, ಅವರ ಹುದ್ದೆಗಳು ಯಾವ ಮಾನದಂಡದಂತೆ ಇವೆ, ಯಾರಿಗೆ ಯಾವ ಕೌಶಲವಿದೆ ಎಂಬುದನ್ನು ವಿಡಿಯೋ ಕರೆಯಲ್ಲಿ ತೋರಿಸಬೇಕು. ಆಮೇಲೆ ಆರ್ಡರಿನ ಮಾತು.

ಬಾವಿಯಿಂದ ನೀರೆತ್ತುವ ಪಂಪಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. ಮುದಲಾಳಿಯೂ ಅದನ್ನೇ ಕೇಳಿ ಸೋತಿದ್ದರು. ಬಂದು ವಾರವಾಗಿದ್ದ ಆ ಈಮೇಲನ್ನು ಅವರು ಓದಿದ್ದೇ ನಿನ್ನೆ. ಕರೆ ಇರುವುದು ಇವತ್ತು ಸಂಜೆ. ಹಾಗಾಗಿ ರಾತ್ರಿಯ ರೈಲಿಗೇ ಚೆನ್ನೈಯಿಂದ ಶಕ್ತಿವೇಲ್ ಎಂಬ ತಜ್ಞನನ್ನು ಕರೆಸಿಕೊಂಡಿದ್ದರು. ಕುತ್ತಿಗೆಗೆ ಪಟ್ಟಿ, ಪಟ್ಟಿಗೆ ಗುರುತಿನ ಚೀಟಿ, ಬೆನ್ನಿಗೆ ಲ್ಯಾಪ್‌ಟಾಪು, ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಚಾರ್ಟು. ಅದನ್ನು ಅವನು ಮುದಲಾಳಿಯ ಕೋಣೆಯ ಗೋಡೆಗೆ, ದೇವರ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿದ. ಚಾರ್ಟಿನ ತುಂಬ ಚೌಕಗಳು. ಒಂದೊಂದು ಚೌಕದಲ್ಲೂ ಒಂದೊಂದು ಹುದ್ದೆ, ಅದರ ಕೆಳಗೆ ಆ ಹುದ್ದೆಗೆ ಬೇಕಾದ ಕೌಶಲಗಳು.

ಪುರಂದರನನ್ನು ಒಳಗೆ ಕರೆದರು. ಅಲ್ಲಿ ಮಾತೆಲ್ಲ ತಮಿಳಿನಲ್ಲೇ ನಡೆಯಿತು. ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಪುರಂದರ ಸಾರ್, ಇದರಲ್ಲಿ ನೀವು ಯಾವುದು?" ಎಂದು ಶಕ್ತಿವೇಲ್ ಕೇಳಿದ.

ಪುರಂದರ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದ. ಪಾಸ್‌ವರ್ಡು ಕೊಡುವವನು, ಕಳ್ಳರು ಬಂದರೆ ಪತ್ತೆ ಹಚ್ಚುವವನು, ಬಂದುಹೋದ ಮೇಲೆ ಕುರುಹು ಹುಡುಕುವವನು, ಕೆಟ್ಟದ್ದನ್ನು ಸರಿಮಾಡುವವನು, ಸರಿಯಾಯಿತೇ ಎಂದು ಪರೀಕ್ಷಿಸುವವನು. ಎಲ್ಲಕ್ಕಿಂತ ಮೇಲೆ ದೊಡ್ಡದೊಂದು ಚೌಕ: ಮುಖ್ಯ ಭದ್ರತಾ ಅಧಿಕಾರಿ.

"ಎಲ್ಲಾ ನಾನೇ ಸಾರ್" ಎಂದ.

ಸುಳ್ಳಲ್ಲ, ಪಾಪ. ಅವನು ಸೇರಿದ್ದು ಸ್ಟೋರ್ಸ್ ಗುಮಾಸ್ತನಾಗಿ. ಯಾವತ್ತೋ ಒಂದು ದಿನ ಪ್ರಿಂಟರಿಗೆ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು ತೆಗೆದ. ಅಷ್ಟೇ ಅವನು ಮಾಡಿದ ತಪ್ಪು. ಅಂದಿನಿಂದ ಮೌಸು ಕೈಕೊಟ್ಟರೆ ಪುರಂದರ, ಇಂಟರ್‌ನೆಟ್ ಸತ್ತರೆ ಪುರಂದರ, ಮುದಲಾಳಿಯ ಮೊಮ್ಮಗಳ ವಿಡಿಯೋ ಓಡದಿದ್ದರೂ ಪುರಂದರ. ಸಂಬಳದ ಚೀಟಿಯಲ್ಲಿ ಮಾತ್ರ ಇವತ್ತಿಗೂ ಸ್ಟೋರ್ಸ್ ಗುಮಾಸ್ತ.

"ಹಾಗೆಲ್ಲ ಆಗಲ್ಲ ಸಾರ್" ಎಂದ ಶಕ್ತಿವೇಲ್, ನಗುನಗುತ್ತಲೇ. "ಒಬ್ಬರಿಗೆ ಒಂದೇ ಚೌಕ. ಮಾಡೋನು ಬೇರೆ, ಅದನ್ನ ಪರೀಕ್ಷೆ ಮಾಡೋನು ಬೇರೆ ಇರಬೇಕು. ಡಿಗ್ರಿ ನಾವು ಕೇಳಲ್ಲ, ಸರ್ವಿಸ್ ಕೇಳಲ್ಲ. ಕೌಶಲ ಕಣ್ಣಿಗೆ ಕಾಣಬೇಕು. ಯಾರಲ್ಲಿ ಕಾಣುತ್ತೋ ಚೌಕ ಅವರದ್ದು. ಇವತ್ತು ಇಡೀ ದಿನ ನಾನು ನೋಡ್ತಿರ್ತೀನಿ."

ಮುದಲಾಳಿ ಕತ್ತು ನೀವಿಕೊಂಡು, "ಪುರಂದರಾ, ನಿನಗೆ ಚೌಕ ಸಿಕ್ಕಿದರೆ ಸರಿ. ಸಿಗದಿದ್ದರೆ ತಿರುಪ್ಪೂರು ಡಿಪೋದಲ್ಲಿ ಆಳು ಬೇಕಂತೆ" ಎಂದರು.

ತಿರುಪ್ಪೂರು ಡಿಪೋ! ಪುರಂದರನ ಮನೆ ಉಕ್ಕಡಂ ಕೆರೆಯ ಹತ್ತಿರ. ಕುರಿಚಿಗೆ ಒಂದೇ ಸಿಟಿ ಬಸ್ಸು, ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ತಿರುಪ್ಪೂರಿಗಾದರೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಬಸ್ಸು ಬದಲಿಸಿ, ಬನಿಯನ್ ಕಂಪನಿಗಳಿಗೆ ಹೋಗುವ ಜನದ ನಡುವೆ ಒಂದೇ ಕಾಲಿನಲ್ಲಿ ನಿಂತು ಹೋಗಬೇಕು. ಹೋಗಿ ಮಾಡುವುದೇನು? ತಗಡಿನ ಸೂರಿನ ಕೆಳಗೆ ಬೇಯುತ್ತಾ, ಬಂದ ಪಂಪು, ಹೋದ ಪಂಪು ನೋಡಿಕೊಂಡಿರುವುದು. ಅಲ್ಲಿಗೆ ಹೋದವರು ವಾಪಸು ಬಂದ ಉದಾಹರಣೆ ಇರಲಿಲ್ಲ.

ಅವನು ನೆಟ್ಟಗೆ ತನ್ನ ಮೇಜಿಗೆ ಬಂದು ಹೆಂಡತಿ ಪದ್ಮಾಕ್ಷಿಗೆ ಫೋನು ಹಚ್ಚಿದ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಪುರಂದರನ ಮನೆಯವರು ತಲೆಮಾರುಗಳಿಂದ ಕೊಯಮತ್ತೂರಿನವರು. ಓದು, ಕೆಲಸ, ಬೀದಿ ಎಲ್ಲ ತಮಿಳು. ಮನೆಯೊಳಗೆ ಮಾತ್ರ ಕನ್ನಡ, ಅದರಲ್ಲೂ ಅರ್ಧ ತಮಿಳು ಬೆರೆತದ್ದು. ಆ ಕನ್ನಡವೇ ಅವರ ವಂಶದ ಬೀಗದ ಕೈ. ಸೀರೆ ಅಂಗಡಿಯಲ್ಲಿ "ಇದು ಹಳೇ ಮಾಲು, ಏಳಿ ಹೋಗೋಣ" ಎನ್ನುವುದಕ್ಕೆ ಕನ್ನಡ. ಬಸ್ಸಿನಲ್ಲಿ ಎದುರಿಗೆ ಕೂತವರ ಮೂಗಿನ ಬಗ್ಗೆ ಮಾತಾಡುವುದಕ್ಕೆ ಕನ್ನಡ. ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಾರೆ. ಪುರಂದರನ ಫೋನಿನಲ್ಲಿ ಸ್ಪೀಕರ್ ಹಾಕದಿದ್ದರೆ ಏನೂ ಕೇಳುವುದಿಲ್ಲ, ರಿಪೇರಿ ಮಾಡಿಸಬೇಕೆಂದು ಅವನಿಗೆ ಅನ್ನಿಸಿಯೂ ಇಲ್ಲ. ಕಾರ್ಖಾನೆಯ ಅಷ್ಟೂ ಪಾಸ್‌ವರ್ಡುಗಳನ್ನು ಅವನು ಇಟ್ಟಿದ್ದು ಪದ್ಮಾಕ್ಷಿಯ ತಲೆಯಲ್ಲಿ. ಬೇಕಾದಾಗ ಫೋನು ಮಾಡಿ, ನಡು ಆಫೀಸಿನಲ್ಲಿ ಕೂತು, ಅವಳು ಹೇಳಿದ್ದನ್ನು ಒಂದೊಂದೇ ಅಕ್ಷರ ಕೂಗಿಕೊಂಡು ಟೈಪು ಮಾಡುತ್ತಿದ್ದ.

"ಏನಂತೆ?" ಎಂದಳು ಪದ್ಮಾಕ್ಷಿ.

ಅವನು ಚೌಕಗಳ ಕತೆಯೆಲ್ಲ ಹೇಳಿದ.

"ಚುಮ್ಮಾ ಅಳಬೇಡಿ. ಎಲ್ಲಾಕ್ಕಿಂತ ಮೇಲಿರೋದನ್ನ ಕೇಳಿ. ಕೆಳಗಿಂದೆಲ್ಲಾ ಯಾರ್ಗಾನಾ ಹೋಗ್ಲಿ. ಅಲ್ಲಾ, ಆ ಶಕ್ತಿವೇಲ್ ಅನ್ನೋನು ಯಾರು? ಅವನು ಚೆನ್ನೈ ಕಂಪನಿಯೋನೇ ಅಂತ ಯಾರಾನಾ ವಿಚಾರಿಸಿದ್ರಾ? ಕುತ್ತಿಗೇಲಿ ಚೀಟಿ ಹಾಕ್ಕೊಂಡ್ರೆ ಆಯ್ತಾ? ಮೊದ್ಲು ಅದನ್ನ ಕೇಳಿ."

ಪದ್ಮಾಕ್ಷಿಯ ಸ್ವಭಾವವೇ ಅಂಥದ್ದು. ಅವರ ಅಪಾರ್ಟ್‌ಮೆಂಟಿಗೆ ಬರುವ ಕೊರಿಯರಿನವನು ತನ್ನ ಊರು, ತಂದೆಯ ಹೆಸರು ಹೇಳದೆ ಎರಡನೇ ಮಹಡಿಗೆ ಹತ್ತಿದ್ದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಫೋನು ಮಾಡಿದ ಒಬ್ಬ ಕಳ್ಳನನ್ನು ಅವಳು ಪ್ರಶ್ನೆ ಕೇಳಿ ಕೇಳಿ, ಕೊನೆಗೆ ಅವನೇ "ಅಮ್ಮಾ ಬಿಟ್ಟುಬಿಡಿ" ಎಂದು ಇಟ್ಟುಬಿಟ್ಟಿದ್ದ. ಪುರಂದರ ಅದನ್ನೆಲ್ಲ ಕೌಶಲ ಎಂದು ಯಾವತ್ತೂ ತಿಳಿದಿರಲಿಲ್ಲ. ಕರ್ಮ ಎಂದು ತಿಳಿದಿದ್ದ.

"ಅದೆಲ್ಲ ಕೇಳೋಕಾಗಲ್ವೇ. ಮುದಲಾಳಿ ಮೊದ್ಲೇ ಉರೀತಿದಾರೆ. ಬೋಳುತಲೆ ಮೇಲೆ ದೋಸೆ ಹಾಕ್ಬೋದು" ಎಂದು ಪುರಂದರ ಗಟ್ಟಿಯಾಗಿ ಹೇಳಿ ಫೋನು ಇಟ್ಟ. ಪಕ್ಕದ ಮೇಜಿನ ಲೆಕ್ಕಪತ್ರದ ಪಂಕಜಂಗೆ ಅದೇ ಹೊತ್ತಿಗೆ ಕೆಮ್ಮು ಬಂತು. ನೀರು ಕುಡಿದಳು.

ಸಂದರ್ಶನ ಶುರುವಾಯಿತು. ಪುರಂದರ ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಮೊದಲು ಬಂದವನು ಖರೀದಿ ವಿಭಾಗದ ಗೋಪಾಲಸಾಮಿ.

"ನಿಮ್ಮ ಕೌಶಲ?" ಎಂದ ಶಕ್ತಿವೇಲ್.

"ನನಗೆ ಕಂಪ್ಯೂಟರ್ ಬರಲ್ಲ ಸಾರ್. ಆದ್ರೆ ಈ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಾರು ಯಾವ ಕಂಪನಿ ಬಿಡ್ತಾರೆ, ಯಾರು ಯಾರ ಗಿರಾಕಿ ಎಳೀತಾರೆ, ಯಾವ ಫೌಂಡ್ರಿಗೆ ರೇಡ್ ಬರುತ್ತೆ, ಎಲ್ಲಾ ಒಂದು ವಾರ ಮುಂಚೆ ಗೊತ್ತಾಗುತ್ತೆ."

"ಹೇಗೆ?"

"ಟೀ ಅಂಗಡಿ ಸಾರ್."

ಶಕ್ತಿವೇಲನ ಮುಖ ಅರಳಿತು. ಅಪಾಯವನ್ನು ಮುಂಚೆಯೇ ಮೂಸಿ ನೋಡುವವನ ಚೌಕ ಒಂದಿತ್ತು, ಅದರಲ್ಲಿ ಗೋಪಾಲಸಾಮಿ ಎಂದು ಬರೆದ. ಆಮೇಲೆ ಪಂಕಜಂ. ಹೋದ ತಿಂಗಳು ಫ್ರಿಜ್ಜಿನಲ್ಲಿಟ್ಟಿದ್ದ ಅವಳ ಮೊಸರನ್ನ ಕಾಣೆಯಾದಾಗ, ತಟ್ಟೆಯ ಅಂಚು, ಕರಿಬೇವಿನ ಎಲೆ, ಒಬ್ಬೊಬ್ಬರ ಮೀಸೆ ಎಲ್ಲ ನೋಡಿ ಕಳ್ಳನನ್ನು ಹಿಡಿದ ಬಗೆಯನ್ನು ಅವಳು ವರ್ಣಿಸಿದಳು. ಕುರುಹು ಹುಡುಕುವವರ ಚೌಕ ಅವಳದ್ದಾಯಿತು. ಗೇಟಿನ ಮಾರಿಮುತ್ತುವಿಗೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಚೌಕ ಸಿಕ್ಕಿತು. ಅವನು ಚೌಕ ಸಿಕ್ಕ ಕೂಡಲೇ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

ಒಂದೊಂದು ಹೆಸರು ಬರೆದಾಗಲೂ ಪುರಂದರ ಉಳಿದ ಚೌಕಗಳನ್ನು ಎಣಿಸುತ್ತಿದ್ದ. ಇಷ್ಟು ವರ್ಷ ಒಬ್ಬನೇ ಹೊತ್ತಿದ್ದ ಮೂಟೆಯನ್ನು ಊರೆಲ್ಲ ಹಂಚಿಕೊಂಡು ಹೋಗುತ್ತಿತ್ತು, ಅವನಿಗೆ ಮೂಟೆ ಕಟ್ಟಿದ ಹಗ್ಗವೂ ಉಳಿಯುವ ಹಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಎಲ್ಲಕ್ಕಿಂತ ಮೇಲಿನ ದೊಡ್ಡ ಚೌಕ, ಮತ್ತೆ ಕೆಳಗಡೆ ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು.

ಊಟದ ಬಿಡುವಿಗೆ ಮುದಲಾಳಿ ಮನೆಗೆ ಹೋದರು. ಪುರಂದರ ಡಬ್ಬಿಯ ಮುಚ್ಚಳ ತೆಗೆದು, ಹೆಂಡತಿಗೆ ತನ್ನ ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದಾಗ ಆಫೀಸಿನ ಫೋನು ಗಣಗಣ ಎಂದಿತು.

"ಪುರಂದರ ಸಾರಾ? ನಾನು ಮುದಲಾಳಿಯ ತಂಗಿ ಮಗ ಮಾತಾಡ್ತಿದೀನಿ. ಏರ್‌ಪೋರ್ಟಿನಲ್ಲಿ ಸಿಕ್ಕಿಹಾಕ್ಕೊಂಡಿದೀನಿ ಸಾರ್. ಮಾವನ ಮೇಲ್‌ನಲ್ಲಿ ನನ್ನ ಟಿಕೆಟ್ ಇದೆ. ಅವರು ಫೋನ್ ಎತ್ತುತ್ತಿಲ್ಲ. ಸ್ವಲ್ಪ ಪಾಸ್‌ವರ್ಡ್ ಹೇಳಿ ಸಾರ್, ವಿಮಾನ ಹೊರಡ್ತಿದೆ!" ಆ ಕಡೆಯ ದನಿ ಅಳುವುದೊಂದೇ ಬಾಕಿ.

ಪುರಂದರ ಮೆದು ಮನಸ್ಸಿನವನು. ಮುದಲಾಳಿಯ ತಂಗಿ ಮಗನಿಗೆ ಉಪಕಾರ ಮಾಡಿದರೆ ದೊಡ್ಡ ಚೌಕ ಗ್ಯಾರಂಟಿ ಎಂದೂ ಒಂದು ಲೆಕ್ಕ ಹಾಕಿದ. ರಿಸೀವರಿಗೆ ಕೈ ಅಡ್ಡ ಹಿಡಿದು, "ಪದ್ಮಾ, ಸೀಕ್ರಂ, ಬೇಗ ಹೇಳು, ಮುದಲಾಳಿ ಮೇಲ್‌ಗೆ ಈ ತಿಂಗಳು ಏನಿಟ್ಟಿದ್ವಿ? ಅವರ ತಂಗಿ ಮಗ ಕಷ್ಟದಲ್ಲಿದಾನೆ" ಎಂದ.

"ಯಾವ ತಂಗಿ?"

"ತಂಗಿ ಅಂದ್ರೆ ತಂಗಿ ಕಣೇ!"

"ಮುದಲಾಳಿ ಅರವತ್ತರ ಶಾಂತಿಗೆ ಹೋಗಿದ್ವಲ್ಲ, ಮರೆತ್ರಾ? ಆರತಿ ಎತ್ತೋಕೆ ಒಡಹುಟ್ಟಿದೋರು ಯಾರೂ ಇಲ್ಲ ಅಂತ ಪಕ್ಕದ್ಮನೆಯೋರನ್ನ ಕೂಗಿದ್ರು. ಇಲ್ಲದ ತಂಗಿಗೆ ಮಗ ಎಲ್ಲಿಂದ ಬಂದ? ಕೇಳಿ ಅವನ್ನ, ಅವನಮ್ಮನ ಹೆಸರೇನಂತೆ?"

ಪುರಂದರ ಕೇಳಿದ. ಆ ಕಡೆ ಫೋನು ಕಟ್ಟಾಯಿತು. ಅದರ ಬೆನ್ನಿಗೇ ಶಕ್ತಿವೇಲ್ ಪಕ್ಕದ ಕೋಣೆಯಿಂದ ಚಪ್ಪಾಳೆ ತಟ್ಟುತ್ತಾ ಬಂದ. ಫೋನು ಮಾಡಿದ್ದು ಚೆನ್ನೈಯಲ್ಲಿದ್ದ ಅವನ ಸಹೋದ್ಯೋಗಿ, ಅದೊಂದು ಪರೀಕ್ಷೆ.

"ಭಲೇ ಸಾರ್! ಇಡೀ ಕೊಯಮತ್ತೂರಿನಲ್ಲಿ ಇದರಲ್ಲಿ ಪಾಸಾದೋರು ಇಲ್ಲ. ಹೇಗೆ ಕಂಡುಹಿಡಿದ್ರಿ?"

"ಅನುಭವ ಸಾರ್" ಎಂದ ಪುರಂದರ, ಮೊಸರನ್ನ ಕಲಸುತ್ತಾ. ಶಕ್ತಿವೇಲ್ ಪಂಕಜಂ ಕಡೆಗೆ ಒಮ್ಮೆ ನೋಡಿದ. ಪಂಕಜಂ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕುತ್ತಿದ್ದಳು.

ಜಂಭ ಎನ್ನುವುದು ಹೊಟ್ಟೆ ತುಂಬಿದ ಮೇಲೆಯೇ ತಲೆಗೆ ಹತ್ತುವುದು. ಕೈ ತೊಳೆಯಲು ಹೋದ ಪುರಂದರನಿಗೆ ನಲ್ಲಿಯ ಪಕ್ಕದಲ್ಲಿ ಒಂದು ಪೆನ್‌ಡ್ರೈವು ಕಂಡಿತು. ಅದರ ಮೇಲೆ ಚಿಕ್ಕ ಚೀಟಿ: ಈ ವರ್ಷದ ಇನ್‌ಕ್ರಿಮೆಂಟ್. ಇದರಲ್ಲಿ ತನ್ನ ಹೆಸರಿನ ಮುಂದೆ ಏನಿದೆ, ತಿರುಪ್ಪೂರು ಎಂದು ಬರೆದಿದೆಯೋ ಏನೋ, ಒಂದು ಸಲ ನೋಡಿಬಿಟ್ಟರೆ ನೆಮ್ಮದಿ ಎಂದು ಅವನ ಮನಸ್ಸು ಹೇಳಿತು. ಹೆಂಡತಿಯನ್ನು ಕೇಳುವಷ್ಟು ವ್ಯವಧಾನವಿರಲಿಲ್ಲ. ಓಡಿಬಂದು ಚುಚ್ಚಿಯೇಬಿಟ್ಟ.

ಪರದೆ ಕೆಂಪಾಯಿತು. ನಡುವೆ ಒಂದು ತಲೆಬುರುಡೆ ಹಲ್ಲು ಕಿರಿಯಿತು. ಪಂಕಜಂ ಪರದೆಯಲ್ಲೂ ಬುರುಡೆ. ಬಿಲ್ಲು ಹಾಕುವ ಕಂಪ್ಯೂಟರಿನಲ್ಲೂ ಬುರುಡೆ. ಹೊರಗೆ ಪಂಪು ತುಂಬಿಕೊಂಡು ಬಿಲ್ಲಿಗೆ ಕಾಯುತ್ತಿದ್ದ ಲಾರಿಯವನು ಹಾರನ್ನು ಒತ್ತತೊಡಗಿದ. ಗೋಪಾಲಸಾಮಿ, "ಅಯ್ಯೋ, ನಾನು ಮೊದಲೇ ಅಂದುಕೊಂಡೆ" ಎಂದ. ಅವನ ಹೊಸ ಹುದ್ದೆಯ ಕೆಲಸವೇ ಅದು, ಅವನದ್ದೇನೂ ತಪ್ಪಿಲ್ಲ.

ಪುರಂದರ ಫೋನಿಗೆ ಹಾರಿದ. "ಪದ್ಮಾ! ಕೆಟ್ಟೆ! ಮುಳುಗಿದೆ! ಬಿದ್ದಿದ್ದೊಂದನ್ನ ಎತ್ತಿ ಚುಚ್ಚಿದೆ, ಎಲ್ಲಾ ಕಡೆ ಬುರುಡೆ ಬಂದಿದೆ ಕಣೇ!"

"ಬಿದ್ದಿದ್ದನ್ನೆಲ್ಲಾ ಎತ್ಕೊಂಡು ಬರೋ ಬುದ್ಧಿ ಬಿಡಲ್ವಲ್ಲ ನಿಮಗೆ! ಸರಿ, ಅಳಬೇಡಿ. ಗ್ಯಾಸ್ ಲೀಕಾದ್ರೆ ಏನ್ ಮಾಡ್ತೀವಿ? ಮೊದ್ಲು ಸಿಲಿಂಡರ್ ಮುಚ್ತೀವಿ. ಎಲ್ಲಾ ಕಂಪ್ಯೂಟರ್‌ಗೂ ಹೋಗುತ್ತಲ್ಲ ಆ ವೈರು, ಅದನ್ನ ಕಿತ್ತಾಕಿ. ಸ್ವಿಚ್ ಮುಟ್ಟಬೇಡಿ, ಆಫ್ ಮಾಡಿದ್ರೆ ಆಮೇಲೆ ಏನಾಯ್ತು ಅಂತ ಗೊತ್ತಾಗಲ್ಲ. ಯಾರೂ ಒಳಗೆ ಬರೋದು ಬೇಡ, ಹೊರಗೆ ಹೋಗೋದೂ ಬೇಡ. ಆಮೇಲೆ ಅದನ್ನ ಅಲ್ಲಿಟ್ಟೋರು ಯಾರು ಅಂತ ನಾನು ವಿಚಾರಿಸ್ತೀನಿ."

ಪುರಂದರ ವೈರು ಕಿತ್ತ. ಬುರುಡೆಗಳು ಹರಡುವುದು ನಿಂತಿತು. ಆಮೇಲೆ ಕಿಟಕಿಗೆ ಓಡಿ, "ಮಾರಿಮುತ್ತೂ, ಗೇಟ್ ಹಾಕು! ಒಂದು ನೊಣವೂ ಒಳಗೆ ಬರಬಾರದು!" ಎಂದು ತಮಿಳಿನಲ್ಲಿ ಅರಚಿದ.

ಮಾರಿಮುತ್ತು ಗೇಟು ಹಾಕಿ ಬೀಗ ಜಡಿದ. ಅದೇ ಹೊತ್ತಿಗೆ ಊಟ ಮುಗಿಸಿದ ಮುದಲಾಳಿಯ ಕಾರು ಬಂದು ಗೇಟಿಗೆ ಮೂಗು ತಾಗಿಸಿ ನಿಂತಿತು.

"ಗುರುತಿನ ಚೀಟಿ ತೋರಿಸಿ" ಎಂದ ಮಾರಿಮುತ್ತು.

"ಏಯ್! ಕಣ್ಣು ಕಾಣಲ್ವಾ? ಕಂಪನಿ ನನ್ನದು ಕಣೋ!"

"ಹಾಗಂತ ಯಾರು ಬೇಕಾದರೂ ಹೇಳಬಹುದು ಸಾರ್. ಬೆಳಿಗ್ಗೆ ಚಾರ್ಟ್ ಅಂಟಿಸೋಕೆ ಒಪ್ಪಿದೋರು ನೀವೇ ಅಲ್ವಾ? ಅದರಲ್ಲಿ ಹಾಗೇ ಇದೆ."

ಮುದಲಾಳಿ ಚಿತ್ರೆ ತಿಂಗಳ ನಡುಬೇಸಿಗೆಯ ಬಿಸಿಲಿನಲ್ಲಿ, ತಾವೇ ಕಟ್ಟಿಸಿದ ಗೋಡೆಯ ಹೊರಗೆ, ಲಾರಿಯವರ ನಗುವಿನ ನಡುವೆ ನಿಂತು ಬೆವರಿದರು. ಕೊನೆಗೆ ಶಕ್ತಿವೇಲ್ ಹೋಗಿ, ಬುರುಡೆ ತನ್ನದೇ, ಅದರಿಂದ ಯಾವ ಹಾನಿಯೂ ಇಲ್ಲ, ಅದೂ ಒಂದು ಪರೀಕ್ಷೆ ಎಂದು ಹೇಳಿ ಬೀಗ ತೆಗೆಸಿದ. ಒಳಗೆ ಬಂದ ಮುದಲಾಳಿಯ ಮುಖ ಕುಲುಮೆಯಿಂದ ಆಗತಾನೆ ತೆಗೆದ ಕಬ್ಬಿಣದ ಹಾಗಿತ್ತು. ಪುರಂದರನನ್ನು ನೋಡಿ ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಯಿತು, ಮುಗಿಯಿತು. ಪುರಂದರ ಮೆಟ್ಟಿಲ ಬಳಿ ನಿಂತು ಹೆಂಡತಿಗೆ ಕೊನೆಯ ಫೋನು ಮಾಡಿದ. "ತಿರುಪ್ಪೂರು ಖಂಡಿತ ಕಣೇ. ಇಷ್ಟು ವರ್ಷ ನಾಯಿ ಹಾಗೆ ದುಡಿದೆ ಈ ಬೋಳನಿಗೆ. ಇವನೊಬ್ಬ ಜಿಪುಣಾಗ್ರೇಸರ, ಟೀಗೆ ಹಾಲು ಹಾಕ್ಸೋದಕ್ಕೂ ಯೋಚಿಸ್ತಾನೆ. ಆ ಗೋಪಾಲಸಾಮಿ ಒಬ್ಬ ಊರು ಹಾಳು ಮಾಡೋನು. ಪಂಕಜಂ ಅಂತೂ ಬಿಡು, ಬಾಯಿ ನೋಡಿದ್ರೆ ಬಸ್ ಸ್ಟ್ಯಾಂಡು." ಮನಸ್ಸಿಗೆ ಎಷ್ಟೋ ಹಗುರವಾಯಿತು. ಅವನು ಹೀಗೆ ಮಾತಾಡುವಾಗಲೆಲ್ಲ ಆಫೀಸಿನಲ್ಲಿ ಟೈಪು ಮಾಡುವ ಸದ್ದು ನಿಲ್ಲುತ್ತಿತ್ತು. ತನ್ನ ಮೇಲಿನ ಗೌರವದಿಂದ ಎಂದು ಅವನು ತಿಳಿದಿದ್ದ.

ಸಂಜೆ ಎಲ್ಲರನ್ನೂ ಮುದಲಾಳಿಯ ಕೋಣೆಗೆ ಕರೆದರು. ಶಕ್ತಿವೇಲ್ ಚಾರ್ಟಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಈ ಕೆಲಸದಲ್ಲಿ ನಾನು ಬೇಕಾದಷ್ಟು ಕಂಪನಿ ನೋಡಿದೀನಿ. ಆದರೆ ಇವತ್ತು ಇಲ್ಲಿ ಕಂಡಂಥ ಕೌಶಲ ಎಲ್ಲೂ ಕಂಡಿಲ್ಲ. ಮೋಸದ ಫೋನನ್ನ ಒಂದೇ ಪ್ರಶ್ನೇಲಿ ಹಿಡಿದದ್ದು. ದಾಳಿ ಆದ ಕೂಡಲೇ ವೈರು ಕೀಳಿಸಿದ್ದು, ಸ್ವಿಚ್ ಮುಟ್ಟಬೇಡಿ ಅಂದದ್ದು. ಇಷ್ಟು ಪಾಸ್‌ವರ್ಡು ಎಲ್ಲೂ ಬರೆದಿಡದೆ ತಲೇಲಿ ಇಟ್ಟುಕೊಂಡದ್ದು. ಮೊಟ್ಟಮೊದಲು ನನ್ನನ್ನೇ ಅನುಮಾನಿಸಿದ್ದು! ಮುಖ್ಯ ಭದ್ರತಾ ಅಧಿಕಾರಿಗೆ ಬೇಕಾದ ಎಲ್ಲಾ ಇದೆ."

ಪುರಂದರನ ಕಣ್ಣು ತುಂಬಿಬಂತು. ದೇವರು ದೊಡ್ಡವನು. ಮುಂದೆ ಬಂದು ಕೈ ಮುಗಿದು, "ಎಲ್ಲಾ ಮುದಲಾಳಿಯ ಆಶೀರ್ವಾದ" ಎಂದ.

"ನೀವಲ್ಲ ಸಾರ್" ಎಂದ ಶಕ್ತಿವೇಲ್.

"ಮತ್ತೆ?"

"ಮೇಡಂ ಬಂದ್ರಾ ನೋಡಿ ಪಂಕಜಂ ಅಕ್ಕಾ."

"ಆಗ್ಲೇ ಬಂದವ್ರೆ, ಗೇಟ್ನಾಗೆ ಮಾರಿಮುತ್ತೂನ ಚೀಟಿ ತೋರ್ಸು ಅಂತವ್ರೆ" ಎಂದಳು ಪಂಕಜಂ. ಅಪ್ಪಟ ಕನ್ನಡದಲ್ಲಿ.

ಪುರಂದರ ಮುಗಿದ ಕೈ ಹಾಗೇ ಇಟ್ಟುಕೊಂಡು ಅವಳ ಕಡೆ ತಿರುಗಿದ. "ನೀ... ನಿಮಗೆ ಕನ್ನಡ..."

"ನಮ್ದು ಮಗ್ಗದೋರ ಮನೆ ಅಣ್ಣಾ. ಮನ್ಯಾಗೆ ನಾವು ಆಡೋದು ಕನ್ನಡಾನೇ. ಇಲ್ಲಿ ನೀವು ಅಕ್ಕನ ಕೂಡ ಮಾತಾಡೋದು ಕೇಳ್ತಾ ಇದ್ರೆ ಹೊತ್ತೋಗೋದೇ ತಿಳ್ಯಲ್ಲ. ಅದುಕ್ಕೇ ಬಾಯ್ಬಿಡ್ಲಿಲ್ಲ. ಇವತ್ತು ಈ ಶಕ್ತಿವೇಲ್ ತಂಬಿಗೆ ಎಲ್ಲಾ ನಾನೇ ತಮಿಳ್ನಾಗೆ ಹೇಳ್ತಾ ಬಂದೆ. ಬಸ್ ಸ್ಟ್ಯಾಂಡ್ ಬಾಯಲ್ವಾ ನಂದು?"

ಪುರಂದರ ಗೋಪಾಲಸಾಮಿಯ ಕಡೆ ನೋಡಿದ. ಗೋಪಾಲಸಾಮಿ ನಾಚಿಕೊಂಡು, "ನಮ್ಮ ಮನೆಲೂ ಅದೇ ಅಣ್ಣಾ" ಎಂದ. ಕೊನೆಗೆ, ಬೇಡಬೇಡವೆಂದರೂ, ಅವನ ಕಣ್ಣು ಮುದಲಾಳಿಯ ಕಡೆಗೆ ಹೋಯಿತು.

ಮುದಲಾಳಿ ತಲೆ ಸವರಿಕೊಳ್ಳುತ್ತಾ ನಿಧಾನವಾಗಿ ಅಂದರು, "ನಮ್ಮಜ್ಜಿ, ನಮ್ಮ ಪಾಟಿ, ಸಾಯೋವರೆಗೂ ನನ್ನ ಹತ್ರ ಕನ್ನಡದಲ್ಲೇ ಮಾತಾಡಿದ್ದು. ದೋಸೆ ಎಷ್ಟು ಹಾಕ್ಬೋದಪ್ಪಾ, ಒಂದಾ, ಎರಡಾ?"

ಭೂಮಿ ಬಾಯಿಬಿಡಬಾರದೇ ಎಂದು ಪುರಂದರ ಬೇಡಿಕೊಂಡ. ಭೂಮಿ ಬಾಯಿಬಿಡಲಿಲ್ಲ, ಬಾಗಿಲು ತೆರೆಯಿತು. ಪದ್ಮಾಕ್ಷಿ ಒಳಗೆ ಬಂದಳು. ಮಡಿಕೆ ಮುರಿಯದ ರೇಷ್ಮೆ ಸೀರೆ, ಕೈಯಲ್ಲಿ ಪರ್ಸು. ಮಧ್ಯಾಹ್ನವೇ ಪಂಕಜಂ ಫೋನು ಮಾಡಿ ಕರೆದಿದ್ದಳಂತೆ. ಪದ್ಮಾಕ್ಷಿ ಅವಳನ್ನು ಕುಲಗೋತ್ರದವರೆಗೆ ವಿಚಾರಿಸಿ, ಬೇರೆ ಇಬ್ಬರಿಂದ ಖಾತ್ರಿ ಮಾಡಿಕೊಂಡ ಮೇಲೆಯೇ ಆಟೋ ಹತ್ತಿದ್ದಳು. ಗಂಡನಿಗೆ ಹೇಳಿರಲಿಲ್ಲ. ಅವನಿಗೆ ಹೇಳಿದ್ದು ಎಸ್ಟೇಟಿಗೆಲ್ಲ ಕೇಳುತ್ತದೆ ಎಂದು ಪಂಕಜಂ ಎಚ್ಚರಿಸಿದ್ದಳು.

ಮಾತಾಡಲು ಹೊತ್ತಿರಲಿಲ್ಲ. ಗೋಡೆಯ ಪರದೆಯ ಮೇಲೆ ಡೆನ್ಮಾರ್ಕಿನ ಇಬ್ಬರು ಮೂಡಿದರು. ಬಿಳಿ ಅಂಗಿ, ಬಿಳಿ ಹುಬ್ಬು. ಅವರು ನಕ್ಕು, ನಿಮ್ಮ ಭದ್ರತಾ ವ್ಯವಸ್ಥೆಯ ಬಗ್ಗೆ ಹೇಳಿ ಎಂದರು.

ಪದ್ಮಾಕ್ಷಿ ಕುರ್ಚಿ ಎಳೆದು ಕೂತಳು. ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅವರನ್ನೇ ಕೇಳಿದಳು: ಅದಿರಲಿ, ಮೊದಲು ನೀವು ಯಾರು? ಆ ಕಂಪನಿಯವರೇ ಎಂದು ನಾನು ಹೇಗೆ ನಂಬಲಿ? ಇಂಥ ಮುಖ ಇವತ್ತು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಮಾಡಬಹುದು. ಕಟ್ ಮಾಡಿ. ನಿಮ್ಮ ಕಂಪನಿಯ ನಂಬರು ಹುಡುಕಿ ನಾವೇ ಮಾಡುತ್ತೇವೆ.

ಹಾಗೆಂದವಳೇ ಕರೆಯನ್ನು ಕಟ್ ಮಾಡಿಬಿಟ್ಟಳು.

ಮುದಲಾಳಿ ಎದೆ ಹಿಡಿದುಕೊಂಡರು. ವರ್ಷವಿಡೀ ಕಾರ್ಖಾನೆ ನಡೆಸುವಷ್ಟು ದೊಡ್ಡ ಆರ್ಡರು ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತಲ್ಲ! ಪುರಂದರನಿಗೆ ಒಳಗೊಳಗೇ ಒಂದು ಪಾಪದ ಸಂತೋಷವಾಯಿತು. ಇನ್ನು ಇವಳನ್ನೂ ಮನೆಗೆ ಕಳಿಸುತ್ತಾರೆ, ಚೌಕ ಖಾಲಿಯಾಗುತ್ತದೆ ಎಂದು ಲೆಕ್ಕ ಹಾಕಿದ. ಗಂಡನಾದವನು ಹೀಗೆ ಯೋಚಿಸಬಾರದು, ಆದರೆ ತಿರುಪ್ಪೂರಿನ ಬಸ್ಸು ಎದುರಿಗಿದ್ದಾಗ ಗಂಡಂದಿರು ಏನು ಬೇಕಾದರೂ ಯೋಚಿಸುತ್ತಾರೆ.

ಪದ್ಮಾಕ್ಷಿ ನಂಬರು ಹುಡುಕಿಸಿ, ಆ ಕಂಪನಿಗೇ ಫೋನು ಮಾಡಿಸಿ, ಆ ಇಬ್ಬರೂ ಅಲ್ಲಿಯವರೇ ಎಂದು ಕೇಳಿ ತಿಳಿದು, ಪರದೆಗೆ ಮತ್ತೆ ಅವರನ್ನು ಬರಮಾಡಿಕೊಂಡಳು. ಅವರು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ದೇಶ ಸುತ್ತಿದರೂ ತಮ್ಮನ್ನು ಪರೀಕ್ಷಿಸಿದ ಮೊದಲ ಕಾರ್ಖಾನೆ ಇದೇ, ಆರ್ಡರು ನಿಮ್ಮದೇ ಎಂದರು. ದೊಡ್ಡ ಚೌಕದಲ್ಲಿ ಶಕ್ತಿವೇಲ್ ಗುಂಡಗೆ ಬರೆದ: ಪದ್ಮಾಕ್ಷಿ.

ಮುದಲಾಳಿ ಹಲ್ವ ತರಿಸಿದರು. ಎಲ್ಲರೂ ತಿನ್ನುವಾಗ ಪುರಂದರ ಮೆಲ್ಲಗೆ ಹೆಂಡತಿಯ ಹತ್ತಿರ ಸರಿದ. ಈಗ ಯಾವ ಭಾಷೆಯಲ್ಲಿ ಮಾತಾಡಬೇಕೋ ಅವನಿಗೆ ತಿಳಿಯಲಿಲ್ಲ. "ನನ್ನ ವಿಷ್ಯ ಒಂದು ಮಾತು ಹೇಳೇ" ಎಂದು ಪಿಸುಗುಟ್ಟಿದ.

ಪದ್ಮಾಕ್ಷಿಗೆ ಪಾ‍ಪ ಎನ್ನಿಸಿತು. "ಇವರಿಗೆ ಏನಾನಾ ಮಾಡಬೇಕಲ್ಲ" ಎಂದಳು ಶಕ್ತಿವೇಲನಿಗೆ.

"ಅದೇ ತೊಂದರೆ ಮೇಡಂ. ಮಾಡೋರು, ಪರೀಕ್ಷೆ ಮಾಡೋರು ಒಂದೇ ಮನೆಯವರು ಆಗಿರಬಾರದು. ಒಂದೇ ಕಟ್ಟಡದಲ್ಲಿ ಇರೋ ಹಾಗಿಲ್ಲ." ಶಕ್ತಿವೇಲ್ ಚಾರ್ಟಿನ ಬುಡಕ್ಕೆ ಬಗ್ಗಿದ. "ಆದರೆ ಒಂದು ಚೌಕ ಉಳಿದಿದೆ. ಈಗ ಇಲ್ಲಿ ಎಲ್ಲರೂ ಕಾವಲುಗಾರರೇ ಆದರು. ಕಾಯಿಸಿಕೊಳ್ಳೋಕೆ ಒಬ್ಬರಾದರೂ ಬೇಕಲ್ಲ. ಅದು ಸಾಮಾನ್ಯ ಬಳಕೆದಾರರ ಚೌಕ, ದೂರದ ಶಾಖೆಯಲ್ಲಿ ಇರಬೇಕು. ಬೇಕಾದ ಕೌಶಲ ಏನೂ ಇಲ್ಲ. ಸಾರ್‌ಗೆ ನೂರಕ್ಕೆ ನೂರು ಹೊಂದುತ್ತೆ."

"ತಿರುಪ್ಪೂರು" ಎಂದರು ಮುದಲಾಳಿ, ಹಲ್ವದ ಬೆರಳು ಚೀಪುತ್ತಾ.

ಪುರಂದರನ ಹೆಸರು ಕೊನೆಗೂ ಚಾರ್ಟಿಗೆ ಬಂತು. ಚೌಕ ಚಿಕ್ಕದಾದ್ದರಿಂದ ಪೂರ್ತಿ ಹಿಡಿಸಲಿಲ್ಲ, ಪುರ ಎಂದಷ್ಟೇ ಬರೆದರು.

ಅವನು ಹೆಂಡತಿಯ ಮುಖ ನೋಡಿದ. "ಪದ್ಮಾ, ಬೆಳಿಗ್ಗೆ ಕತ್ತಲಲ್ಲೇ ಬಸ್ಸು ಹಿಡೀಬೇಕು. ಅಷ್ಟು ಹೊತ್ತಿಗೆ ಎದ್ದು ನೀನು ಹೇಗೇ ಅಡುಗೆ..."

"ಅದನ್ನೇ ನಾನೂ ಯೋಚಿಸ್ದೆ" ಎಂದಳು ಪದ್ಮಾಕ್ಷಿ, ಅವನ ಅಂಗಿಯ ಮೇಲೆ ಬಿದ್ದಿದ್ದ ಹಲ್ವದ ಚೂರನ್ನು ಒರೆಸುತ್ತಾ. "ನಂಗೂ ಇನ್ಮೇಲೆ ಆಫೀಸು. ಹೆಂಗೂ ಬೇಗ ಏಳೋರು ನೀವು. ಎದ್ದು ಎರಡು ಡಬ್ಬಿ ಕಟ್ಬಿಡಿ. ನಂಗೆ ನಾಳೆ ಚಿತ್ರಾನ್ನ ಸಾಕು."

"ನಂಗೂ ಒಸಿ ಹಾಕ್ಕೊಡಿ ಅಣ್ಣಾ" ಎಂದಳು ಪಂಕಜಂ.